ಹಳೆಯ ಜೀಪಿಗೆ ಡೀಸೆಲ್ ಇಂಜಿನು

ಅರಸೀಕೆರೆಯ ತೆಂಗಿನ ಸೀಮೆಯಿಂದ ಹೊರಟು, ಜಾವಗಲ್ಲಿನ ಮೇಲೆ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವವರು ದಾರಿಯುದ್ದಕ್ಕೂ ನೆಲದ ಗುಣ ಮೆಲ್ಲಮೆಲ್ಲನೆ ಬದಲಾಗುವುದನ್ನು ಕಾಣುತ್ತಾರೆ. ಮೊದಲು ಬಯಲು, ಕೆರೆ, ತೆಂಗಿನ ಸಾಲು. ಆಮೇಲೆ ಮಣ್ಣು ಕೆಂಪೇರಿ ಏರಿಳಿತ ಹೆಚ್ಚುತ್ತದೆ. ಬೇಲೂರನ್ನು ದಾಟಿ ಪಡುವಣಕ್ಕೆ ಹೋದರೆ ನೆರಳು ಮರಗಳ ಕೆಳಗೆ ಕಾಫಿ ತೋಟ. ಬೆಳೆ ಬದಲಾದರೂ ಈ ಸೀಮೆಯಲ್ಲೆಲ್ಲ ಕಾಣಸಿಗುವ ಒಂದು ವಸ್ತುವೆಂದರೆ ಜೀಪು. ತೆಂಗಿನಕಾಯಿ ಹೊರುವುದಕ್ಕೂ ಅದೇ, ಕಾಫಿ ಮೂಟೆ ಹೊರುವುದಕ್ಕೂ ಅದೇ. ಮಳೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಎಷ್ಟೋ ಕಡೆ ಅದೇ.

ನಿಮ್ಮ ಮನೆಯಲ್ಲಿಯೂ, ಅಥವಾ ನಿಮ್ಮ ನೆಂಟರ ತೋಟದ ಕೊಟ್ಟಿಗೆಯಲ್ಲಿಯೂ, ತಂದೆಯ ಕಾಲದ ಪೆಟ್ರೋಲ್ ಜೀಪೊಂದು ನಿಂತಿರಬಹುದು. ಅದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಪೆಟ್ರೋಲಿನ ಖರ್ಚು ತಾಳದು. ಇಂಥ ಸಮಯದಲ್ಲಿ ಯಾರಾದರೊಬ್ಬ ಮೆಕ್ಯಾನಿಕ್, “ಸ್ವಾಮಿ, ಒಂದು ಡೀಸೆಲ್ ಇಂಜಿನು ಕೂರಿಸಿಬಿಡೋಣ, ಹತ್ತು ವರ್ಷ ಚಿಂತೆಯಿಲ್ಲ” ಎನ್ನುವುದು ಸಹಜ. ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಇಂಜಿನನ್ನು ಕೂರಿಸುವುದು ನಾಲ್ಕು ದಿನದ ಕೆಲಸ; ಆ ಇಂಜಿನನ್ನು ಉಳಿದ ಗಾಡಿಯೂ, ಸರ್ಕಾರದ ದಾಖಲೆಯೂ, ಮನೆಯ ಲೆಕ್ಕವೂ ಒಪ್ಪಿಕೊಳ್ಳುವಂತೆ ಮಾಡುವುದೇ ನಿಜವಾದ ಕೆಲಸ. ಆ ಉಳಿದರ್ಧವನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಜೀಪು ನಮ್ಮ ದೇಶಕ್ಕೆ ಬಂದದ್ದು ಯುದ್ಧದ ಮೂಲಕ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದ ಜೀಪುಗಳು ‘ಡಿಸ್ಪೋಸಲ್’ ಮಾರಾಟದಲ್ಲಿ ಖಾಸಗಿಯವರ ಕೈಗೆ ಬಂದುವು. ಸ್ವಾತಂತ್ರ್ಯದ ಹೊತ್ತಿನಲ್ಲಿ ಮುಂಬಯಿಯ ಮಹೀಂದ್ರ ಕಂಪೆನಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲು ಕೈಹಾಕಿತು. ಮುಂದೆ ಇಲ್ಲಿಯೇ ತಯಾರಿಸತೊಡಗಿತು. ಯುದ್ಧಕಾಲದ ಜೀಪಿನಲ್ಲಿ ಇದ್ದದ್ದು 2199 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನು. ನಿಮಿಷಕ್ಕೆ 4000 ಸುತ್ತಿನಲ್ಲಿ ಅದರ ಬಲ 60 ಅಶ್ವಶಕ್ತಿ. ಆಮೇಲಿನ ಸಿ.ಜೆ. 3ಬಿ ಮಾದರಿಯಲ್ಲಿ ಅದೇ ಗಾತ್ರದ ಇಂಜಿನಿನ ತಲೆಯನ್ನು ಮಾರ್ಪಡಿಸಿ ಬಲವನ್ನು 70 ಅಶ್ವಶಕ್ತಿಯ ಆಚೆಗೆ ಏರಿಸಿದ್ದರು. ಗಟ್ಟಿಮುಟ್ಟಾದ ಯಂತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪೆಟ್ರೋಲು ಅಗ್ಗವಾಗಿದ್ದ ಕಾಲದ ಯಂತ್ರ.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಗಿ, ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತು. ಪೆಟ್ರೋಲ್ ಜೀಪಿನ ಒಡೆಯರಿಗೆ ಅದರ ಬಿಸಿ ತಟ್ಟಿತು. ಅದೇ ದಶಕದಲ್ಲಿ ಮಹೀಂದ್ರ ಕಂಪೆನಿ ತನ್ನ ಜೀಪಿಗೆ ಡೀಸೆಲ್ ಇಂಜಿನನ್ನು ಹಾಕಿತು. ಅದು ಹೊಸದಾಗಿ ಹುಡುಕಿದ ಇಂಜಿನಲ್ಲ. 1963ರಲ್ಲಿ ಆರಂಭವಾಗಿದ್ದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪೆನಿಯ ಬಿ-275 ಟ್ರ್ಯಾಕ್ಟರಿನ ವಂಶದ್ದು. ಹೊಲ ಉಳುತ್ತಿದ್ದ ಯಂತ್ರದ ಬಂಧುವೇ ರಸ್ತೆಗೂ ಬಂದಿತು. 1979ರಲ್ಲಿ ಫ್ರಾನ್ಸಿನ ಪೂಜೋ ಕಂಪೆನಿಯಿಂದ ಪರವಾನಗಿ ಪಡೆದು, 2112 ಘನ ಸೆಂಟಿಮೀಟರಿನ, ಹೆಚ್ಚು ವೇಗವಾಗಿ ಸುತ್ತುವ ಇನ್ನೊಂದು ಡೀಸೆಲ್ ಇಂಜಿನನ್ನು ತಯಾರಿಸುವ ವ್ಯವಸ್ಥೆಯಾಯಿತು. ಎಂ.ಎಂ. 540 ಎಂಬ ಜೀಪಿನಲ್ಲಿ ಬಂದದ್ದು ಇದು. ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಕಾರ್ಖಾನೆಯವರು ಈ ಮಾದರಿಯಲ್ಲಿ ಇಂಜಿನನ್ನು ಮಾತ್ರ ಬದಲಾಯಿಸಲಿಲ್ಲ. ಮೂರು ವೇಗದ ಹಳೆಯ ಗೇರುಪೆಟ್ಟಿಗೆಯ ಬದಲು ನಾಲ್ಕು ವೇಗದ್ದನ್ನೂ ಕೊಟ್ಟರು. ಅದಕ್ಕೆ ಕಾರಣ ತಿಳಿಯಬೇಕಾದರೆ ಎರಡು ಇಂಜಿನುಗಳ ಸ್ವಭಾವವನ್ನು ಹೋಲಿಸಿ ನೋಡಬೇಕು.

ಪೆಟ್ರೋಲ್ ಇಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಆವಿ ಮೊದಲೇ ಬೆರೆತು ಸಿಲಿಂಡರಿನೊಳಗೆ ಬರುತ್ತವೆ. ಪಿಸ್ಟನ್ನು ಆ ಮಿಶ್ರಣವನ್ನು ಹಳೆಯ ಜೀಪಿನಲ್ಲಿ ಸುಮಾರು ಆರೂವರೆ ಪಟ್ಟು ಒತ್ತುತ್ತದೆ; ಆಗ ಪ್ಲಗ್ಗಿನ ಕಿಡಿ ಹಾರಿ ಮಿಶ್ರಣ ಉರಿಯುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯೇ ಇಲ್ಲ. ಬರಿಯ ಗಾಳಿಯನ್ನು ಒಳಗೆ ಎಳೆದು 16ರಿಂದ 22 ಪಟ್ಟು ಒತ್ತುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಇದೂ ಅದೇ ನಿಯಮ. ಹಾಗೆ ಒತ್ತಿದ ಗಾಳಿ ಕೆಂಡದಷ್ಟು ಕಾದಿರುವಾಗ, ಅದರೊಳಕ್ಕೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ್ದು ಈ ತತ್ತ್ವವನ್ನೇ. ಹೆಚ್ಚು ಒತ್ತಿ ಉರಿಸುವುದರಿಂದ ಇಂಧನದ ಶಾಖದಲ್ಲಿ ಹೆಚ್ಚು ಪಾಲು ಕೆಲಸಕ್ಕೆ ಬರುತ್ತದೆ. ಜೊತೆಗೆ ಒಂದು ಲೀಟರು ಡೀಸೆಲಿನಲ್ಲಿ ಒಂದು ಲೀಟರು ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಮೇಲ್ಪಟ್ಟು ಹೆಚ್ಚು ಶಕ್ತಿ ಅಡಗಿದೆ. ಡೀಸೆಲ್ ಗಾಡಿ ಅಷ್ಟೇ ಎಣ್ಣೆಗೆ ಹೆಚ್ಚು ದೂರ ಹೋಗುವುದು ಈ ಎರಡು ಕಾರಣಗಳಿಂದ.

ಲಾಭದೊಡನೆ ಭಾರವೂ ಬರುತ್ತದೆ. ಅಷ್ಟು ಒತ್ತಡವನ್ನು ತಾಳಬೇಕಾದರೆ ಸಿಲಿಂಡರು, ತಲೆ, ಕ್ರ್ಯಾಂಕುಗಳೆಲ್ಲ ದಪ್ಪವಾಗಿರಬೇಕು. ಇಂಜಿನು ಹಲವು ಹತ್ತು ಕಿಲೋ ಹೆಚ್ಚು ತೂಗುತ್ತದೆ. ಪ್ರತಿಯೊಂದು ಹೊಡೆತವೂ ಗಡುಸಾಗಿರುತ್ತದೆ. ಪೆಟ್ರೋಲ್ ಇಂಜಿನು ವೇಗವಾಗಿ ಸುತ್ತಿ ಬಲ ತೋರಿಸಿದರೆ, ಡೀಸೆಲ್ ಇಂಜಿನು ನಿಧಾನವಾಗಿ ಸುತ್ತುವಾಗಲೇ ತಿರುಚುವ ಬಲವನ್ನು ಕೊಡುತ್ತದೆ. ಕೆಸರಿನಲ್ಲಿ, ಏರಿನಲ್ಲಿ ಇದೇ ಬೇಕಾದ ಗುಣ. ಆದರೆ ಆ ತಿರುಚುವ ಬಲ ಗಾಲಿಗೆ ಹೋಗುವ ಮುನ್ನ ಕ್ಲಚ್ಚು, ಗೇರುಪೆಟ್ಟಿಗೆ, ನಾಲ್ಕು ಗಾಲಿಗೆ ಬಲ ಹಂಚುವ ಪೆಟ್ಟಿಗೆ, ಪ್ರೊಪೆಲ್ಲರ್ ಷಾಫ್ಟು, ಆಕ್ಸಲ್ಲು ಇವೆಲ್ಲವನ್ನೂ ಹಾದುಹೋಗಬೇಕು. ಇವೆಲ್ಲ ಪೆಟ್ರೋಲ್ ಇಂಜಿನಿನ ಮೆತ್ತನೆಯ ಹೊಡೆತಕ್ಕೆ ಅಳತೆ ಮಾಡಿ ಕಡೆದ ಭಾಗಗಳು.

ಒಂದು ಸಣ್ಣ ಲೆಕ್ಕ ಮಾಡೋಣ. ಹಳೆಯ ಮೂರು ವೇಗದ ಗೇರುಪೆಟ್ಟಿಗೆಯ ಮೊದಲ ಗೇರು ಇಂಜಿನಿನ ತಿರುಚುವ ಬಲವನ್ನು ಸುಮಾರು 2.8 ಪಟ್ಟು ಹೆಚ್ಚಿಸುತ್ತದೆ. ಹಂಚುವ ಪೆಟ್ಟಿಗೆಯ ಕೆಳಗೇರು ಮತ್ತೆ ಸುಮಾರು 2.46 ಪಟ್ಟು. ಆಕ್ಸಲ್ಲಿನ ಹಲ್ಲುಗಳು 5.38 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 37 ಪಟ್ಟು. ಎಂದರೆ, ಹೊಸ ಇಂಜಿನು ಹಳೆಯದಕ್ಕಿಂತ ಒಂದೇ ಒಂದು ಕಿಲೋಗ್ರಾಂ-ಮೀಟರು ಹೆಚ್ಚು ತಿರುಚುವ ಬಲ ಕೊಟ್ಟರೂ ಆಕ್ಸಲ್ಲಿನ ಬಳಿಗೆ ಬರುವಾಗ ಅದು 37 ಆಗಿರುತ್ತದೆ. ಯುದ್ಧಕಾಲದ ಜೀಪಿನ ಇಂಜಿನು ಕೊಡುತ್ತಿದ್ದದ್ದು ಹೆಚ್ಚೆಂದರೆ ಹದಿನಾಲ್ಕೂವರೆ ಕಿಲೋಗ್ರಾಂ-ಮೀಟರು. ಅದರ ಜಾಗದಲ್ಲಿ ಲಾರಿಯ ಇಂಜಿನೊಂದನ್ನು ತಂದು ಕೂರಿಸಿ ಅದರ ಎರಡರಷ್ಟು ಬಲವನ್ನು ಹರಿಸಿದರೆ, ಗಾಡಿ ಮೊದಲ ದಿನ ಆನೆಯಂತೆ ಎಳೆಯುವುದು ನಿಜ. ಆದರೆ ಕೆಸರಿನಲ್ಲಿ ಹೂತ ಗಾಲಿ ಒಮ್ಮೆ ಕಲ್ಲಿಗೆ ಕಚ್ಚಿಕೊಂಡಾಗ, ಆ ಬಲಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಹಲ್ಲನ್ನೋ ಷಾಫ್ಟನ್ನೋ ಮುರಿದು ಹೊರಬೀಳುತ್ತದೆ. ಹಳೆಯ ಜೀಪಿಗೆ ಒಪ್ಪುವುದು ಅತ್ಯಂತ ದೊಡ್ಡ ಇಂಜಿನಲ್ಲ, ಹಳೆಯದರ ಸಮಸಮಕ್ಕೆ ತೂಗುವ ಇಂಜಿನು.

ಇನ್ನು ವೇಗದ ಮಾತು. ಜೀಪಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ ಎಂದಿಟ್ಟುಕೊಳ್ಳಿ. 5.38ರ ಆಕ್ಸಲ್ಲಿನಲ್ಲಿ, ಮೇಲಿನ ಗೇರಿನಲ್ಲಿ, ಪೆಟ್ರೋಲ್ ಇಂಜಿನು 4000 ಸುತ್ತು ಸುತ್ತಿದರೆ ಗಾಡಿ ಗಂಟೆಗೆ ಸುಮಾರು 98 ಕಿಲೋಮೀಟರು ಹೋಗಬಲ್ಲುದು. ಟ್ರ್ಯಾಕ್ಟರ್ ವಂಶದ ಡೀಸೆಲ್ ಇಂಜಿನಿಗೆ ಹಿತವಾದ ಸುತ್ತು 2500 ಎಂದಾದರೆ ಅದೇ ಗೇರಿನಲ್ಲಿ ವೇಗ ಸುಮಾರು 61 ಕಿಲೋಮೀಟರಿಗೆ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಒತ್ತಿದರೆ ಇಂಜಿನು ಕೂಗುತ್ತದೆ, ಗಾಡಿ ನಡುಗುತ್ತದೆ, ಉಳಿತಾಯ ಹೊಗೆಯಾಗಿ ಹೋಗುತ್ತದೆ. ತೋಟದೊಳಗೆ ಓಡಾಡುವವರಿಗೆ ಇದು ಕೊರತೆಯಲ್ಲ. ಅರಸೀಕೆರೆಯಿಂದ ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಬೇಕೆನ್ನುವವರಿಗೆ ದೊಡ್ಡ ಕೊರತೆ. ಆಕ್ಸಲ್ಲಿನ ಹಲ್ಲುಗಳನ್ನು 4.88ರ ಜೋಡಿಗೆ ಬದಲಾಯಿಸಿದರೆ ವೇಗ ಸುಮಾರು 68ಕ್ಕೆ ಏರುತ್ತದೆ, ಅಷ್ಟೆ. ಹಾಗೆ ಬದಲಾಯಿಸುವವರು ಹಿಂದಿನ ಆಕ್ಸಲ್ಲನ್ನು ಮಾತ್ರ ಬದಲಾಯಿಸಿ ಮುಂದಿನದನ್ನು ಹಾಗೆಯೇ ಬಿಡಬಾರದು. ಎರಡೂ ಒಂದೇ ಪ್ರಮಾಣದಲ್ಲಿ ಇರದಿದ್ದರೆ, ನಾಲ್ಕು ಗಾಲಿಗೆ ಬಲ ಕೊಟ್ಟ ಕೂಡಲೆ ಮುಂದಿನ ಗಾಲಿ ಒಂದು ವೇಗಕ್ಕೂ ಹಿಂದಿನದು ಇನ್ನೊಂದು ವೇಗಕ್ಕೂ ಎಳೆದಾಡಿ ಪೆಟ್ಟಿಗೆ ಒಡೆಯುತ್ತದೆ.

ಆರಿಸುವಾಗ ನಿಮ್ಮ ಮುಂದೆ ಬರುವ ಇಂಜಿನುಗಳು ಸಾಮಾನ್ಯವಾಗಿ ಮೂರು ಬಗೆಯವು. ಮೊದಲನೆಯದು, ಮಹೀಂದ್ರ ಜೀಪಿಗಾಗಿಯೇ ತಯಾರಾಗಿದ್ದ ಟ್ರ್ಯಾಕ್ಟರ್ ವಂಶದ ಇಂಜಿನು. ಒರಟು, ನಿಧಾನ, ಆದರೆ ರಿಪೇರಿಗೆ ಸುಲಭ. ಎರಡನೆಯದು, ಪೂಜೋ ವಂಶದ್ದು. ಗಾತ್ರ ಹಳೆಯ ಪೆಟ್ರೋಲ್ ಇಂಜಿನಿಗೆ ಹತ್ತಿರ, ಸ್ವಭಾವ ಮೃದು. ಮೂರನೆಯದು, ವ್ಯಾನು, ಸಣ್ಣ ಲಾರಿ, ಕಾರುಗಳಿಂದ ಕಳಚಿ ತಂದ ಬೇರೆ ಕಂಪೆನಿಗಳ ಇಂಜಿನು. ಇವುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ, ಆದರೆ ಜೀಪಿಗೆ ಹೊಂದಿಸುವ ಪ್ರತಿಯೊಂದು ಭಾಗವನ್ನೂ ಹೊಸದಾಗಿ ಮಾಡಿಸಬೇಕು, ದಾಖಲೆಯ ತೊಡಕೂ ಹೆಚ್ಚು. ಜೀಪಿಗಿಂತ ಭಾರಿಯಾದ ಗಾಡಿಯ ವಿಷಯ ಬೇರೆ. ಜಬಲ್ಪುರದಲ್ಲಿ ಸೈನ್ಯಕ್ಕಾಗಿ ತಯಾರಾಗಿ ಆಮೇಲೆ ಹರಾಜಿನಲ್ಲಿ ಹೊರಬಂದ ಜೋಂಗಾ ಗಾಡಿಯಲ್ಲಿ ಸುಮಾರು 4 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನು ಇತ್ತು. ಅದರ ಗೇರುಪೆಟ್ಟಿಗೆ, ಆಕ್ಸಲ್ಲುಗಳು ಆ ಬಲಕ್ಕೆ ತಕ್ಕವು. ಜೋಂಗಾ ತಾಳುವ ಇಂಜಿನನ್ನು ವಿಲ್ಲೀಸ್ ಜೀಪೂ ತಾಳುತ್ತದೆಂದು ಭಾವಿಸುವುದು, ಎತ್ತಿನ ನೊಗವನ್ನು ಕರುವಿನ ಹೆಗಲಿಗೆ ಹೂಡಿದಂತೆ.

ಇಂಜಿನನ್ನು ಆರಿಸಿದ ಮೇಲೆ ಅದನ್ನು ಹಳೆಯ ಗೇರುಪೆಟ್ಟಿಗೆಗೆ ಜೋಡಿಸುವ ಪ್ರಶ್ನೆ. ಒಂದರ ಬೋಲ್ಟಿನ ತೂತುಗಳು ಇನ್ನೊಂದರ ತೂತುಗಳಿಗೆ ಸರಿಹೊಂದುವುದಿಲ್ಲ. ಆದಕಾರಣ ಇವೆರಡರ ನಡುವೆ ದಪ್ಪನಾದ ಉಕ್ಕಿನ ಹಲಗೆಯೊಂದನ್ನು ಕಡೆದು ಕೂರಿಸುತ್ತಾರೆ. ಇಡೀ ಕೆಲಸದ ಪ್ರಾಣ ಇರುವುದು ಈ ಹಲಗೆಯಲ್ಲಿ. ಇಂಜಿನಿನ ಕ್ರ್ಯಾಂಕಿನ ನಡುಗೆರೆಯೂ ಗೇರುಪೆಟ್ಟಿಗೆಯ ಷಾಫ್ಟಿನ ನಡುಗೆರೆಯೂ ಒಂದೇ ಸರಳರೇಖೆಯಲ್ಲಿರಬೇಕು. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ಕಡಸಲು ಹಿಡಿದಂತಿರುವ ಹೊಳಪು ಕಂಬಗಳನ್ನು ನೀವು ಕಂಡಿದ್ದೀರಿ. ಕಂಬದ ಸುತ್ತು ಎಲ್ಲಿಯೂ ಓರೆಯಾಗದಂತೆ ಅಷ್ಟು ನುಣುಪಾಗಿ ಬರಬೇಕಾದರೆ, ಕಲ್ಲು ತಿರುಗುವ ನಡುಗೆರೆ ಕದಲಬಾರದು. ಕೂದಲೆಳೆಯಷ್ಟು ಕದಲಿದರೂ ಉಂಗುರಗಳು ಸೊಟ್ಟಗಾಗುತ್ತವೆ. ಇಲ್ಲಿಯೂ ಅದೇ ನ್ಯಾಯ. ನಡುಗೆರೆಗಳ ವ್ಯತ್ಯಾಸ ಅಂಗುಲದ ಸಾವಿರದಲ್ಲಿ ಐದು ಪಾಲನ್ನು ಮೀರಬಾರದೆಂದು ಯಂತ್ರಜ್ಞರು ಹೇಳುತ್ತಾರೆ. ಇದನ್ನು ಕಣ್ಣಳತೆಯಿಂದ ತಿಳಿಯಲಾಗದು, ಡಯಲ್ ಗೇಜು ಇಟ್ಟೇ ನೋಡಬೇಕು. ನಿಮ್ಮ ಮೆಕ್ಯಾನಿಕ್ಕನ ಬಳಿ ಆ ಗೇಜು ಉಂಟೇ, ಅವನು ಅದನ್ನು ಉಪಯೋಗಿಸುತ್ತಾನೆಯೇ ಎಂದು ಮೊದಲೇ ಕೇಳಿ. ಹಲಗೆಯನ್ನು ಗ್ಯಾಸಿನಿಂದ ಕತ್ತರಿಸಿ ಅರದಿಂದ ಉಜ್ಜಿ ಕೂರಿಸುವವರೂ ಉಂಟು. ಅಂಥ ಗಾಡಿಯಲ್ಲಿ ಕ್ಲಚ್ಚು ನಡುಗುವುದು, ಗೇರು ತಾನಾಗಿ ಜಾರುವುದು, ಮುಂದಿನ ಬೇರಿಂಗು ಕೆಲವೇ ತಿಂಗಳಲ್ಲಿ ಗರಗರ ಎನ್ನುವುದು ಸಾಮಾನ್ಯ.

ಇಂಜಿನಿನೊಡನೆ ಅದರ ನಾಲ್ಕು ವೇಗದ ಗೇರುಪೆಟ್ಟಿಗೆಯನ್ನೂ ತಂದರೆ ಈ ಹಲಗೆಯ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಬಲವನ್ನು ತಾಳುವ ಹಲ್ಲುಗಳೂ ಸಿಗುತ್ತವೆ. ಆದರೆ ಪೆಟ್ಟಿಗೆ ಉದ್ದವಾದಷ್ಟೂ ಅದರ ಹಿಂದಿರುವ ಹಂಚುವ ಪೆಟ್ಟಿಗೆ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಪ್ರೊಪೆಲ್ಲರ್ ಷಾಫ್ಟು ಗಿಡ್ಡವಾಗಬೇಕು, ಮುಂದಿನದು ಉದ್ದವಾಗಬೇಕು. ಯುದ್ಧಕಾಲದ ಜೀಪು ಮೊದಲೇ ಗಿಡ್ಡ ಗಾಡಿ. ಹಿಂದಿನ ಷಾಫ್ಟು ತೀರ ಗಿಡ್ಡವಾಗಿ ಕಡಿದಾದ ಕೋನದಲ್ಲಿ ನಿಂತರೆ ಅದರ ಕೀಲುಗಳು ಬೇಗ ಸವೆಯುತ್ತವೆ. ಬೆಸೆದ ಷಾಫ್ಟನ್ನು ತೂಕ ಸಮ ಮಾಡಿಸದೆ ಹಾಕಲೇಬಾರದು.

ಇಂಜಿನಿನ ಕೆಳಗೂ ನೋಡಬೇಕು. ಜೀಪಿನ ಮುಂದಿನ ಆಕ್ಸಲ್ಲಿನ ಗುಂಡು ನಡುವೆ ಇಲ್ಲ, ಬಲಗಡೆಗೆ ಸರಿದಿದೆ. ಹೊಸ ಇಂಜಿನಿನ ಎಣ್ಣೆ ತೊಟ್ಟಿ ಅದಕ್ಕೆ ತಾಗದಂತಿರಬೇಕು. ಗಾಡಿ ನಿಂತಾಗ ಎರಡು ಅಂಗುಲ ಅಂತರವಿದೆಯೆಂದು ಸಮಾಧಾನಪಟ್ಟರೆ ಸಾಲದು. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಪೂರ್ತಿ ಕುಗ್ಗಿ ಆಕ್ಸಲ್ಲು ಮೇಲಕ್ಕೆ ಬರುತ್ತದೆ. ಅಂತರ ಸಾಲದೆಂದು ಇಂಜಿನನ್ನು ಎತ್ತರಕ್ಕೆ ಕೂರಿಸಿದರೆ ಷಾಫ್ಟಿನ ಕೋನ ಕೆಡುತ್ತದೆ, ಗಾಡಿಯ ಭಾರವೂ ಮೇಲಕ್ಕೇರಿ ಓರೆ ರಸ್ತೆಯಲ್ಲಿ ಉರುಳುವ ಭಯ ಹೆಚ್ಚುತ್ತದೆ. ಇಂಜಿನನ್ನು ಹೊರುವ ಕಾಲುಗಳನ್ನು ಚಾಸಿಗೆ ಬೆಸೆಯುವಾಗ ನಡುವೆ ಒಳ್ಳೆಯ ರಬ್ಬರು ಇರಲಿ. ಡೀಸೆಲಿನ ಹೊಡೆತ ನೇರವಾಗಿ ಹಳೆಯ ಚಾಸಿಗೆ ತಗುಲಿದರೆ, ತುಕ್ಕು ಹಿಡಿದ ಕಡೆ ಬಿರುಕು ಬಿಡಲು ಹೆಚ್ಚು ದಿನ ಬೇಡ.

ತಂಪಿನ ವ್ಯವಸ್ಥೆಯನ್ನು ಬಹಳ ಜನ ಮರೆಯುತ್ತಾರೆ. ಹಳೆಯ ರೇಡಿಯೇಟರು ಹಳೆಯ ಇಂಜಿನಿಗೆ ಅಳತೆ ಮಾಡಿದ್ದು. ಬಯಲಿನಲ್ಲಿ ಗಾಳಿ ಎದುರು ಬರುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ತುಂಬಿದ ಗಾಡಿಯನ್ನು ಎರಡನೆಯ ಗೇರಿನಲ್ಲಿ ಏರಿಸುವಾಗ, ಇಂಜಿನಿನ ದುಡಿಮೆ ಹೆಚ್ಚು, ಗಾಳಿ ಕಡಿಮೆ. ಆಗ ನೀರು ಕುದಿಯುತ್ತದೆ. ಫ್ಯಾನು ರೇಡಿಯೇಟರಿನ ನಡುವಿಗೆ ಸರಿಯಾಗಿ ನಿಂತು, ಅದರ ಸುತ್ತ ತಗಡಿನ ಕವಚವಿದ್ದರೆ ಅದು ಎಳೆಯುವ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರುತ್ತದೆ. ಬಹು ಕಡೆ ಈ ಒಂದು ತಗಡು ದೊಡ್ಡ ಖರ್ಚನ್ನು ಉಳಿಸುತ್ತದೆ.

ಪೆಟ್ರೋಲ್ ತೊಟ್ಟಿಯನ್ನು ಪೂರ್ತಿ ತೊಳೆದು ಒಣಗಿಸಿದ ಹೊರತು ಅದಕ್ಕೆ ಡೀಸೆಲ್ ತುಂಬಬಾರದು. ಹಳೆಯ ತೊಟ್ಟಿಯ ತುಕ್ಕು ಡೀಸೆಲ್ ಪಂಪಿಗೆ ವಿಷ. ಪೆಟ್ರೋಲಿಗೆ ಒಂದೇ ಕೊಳವೆ ಸಾಕಾಗಿತ್ತು. ಡೀಸೆಲಿಗೆ ಹೋಗುವ ಕೊಳವೆಯ ಜೊತೆಗೆ, ಮಿಕ್ಕಿದ ಎಣ್ಣೆ ತೊಟ್ಟಿಗೆ ಮರಳುವ ಕೊಳವೆಯೂ ಬೇಕು. ನೀರನ್ನು ಬೇರ್ಪಡಿಸುವ ಜರಡಿಯೂ ಬೇಕು. ಇನ್ನೊಂದು ಮುಖ್ಯ ವ್ಯತ್ಯಾಸವನ್ನು ಮನೆಯ ಎಲ್ಲರಿಗೂ ತಿಳಿಸಿಡಿ. ಕಿಡಿಯಿಂದ ಉರಿಯುವ ಇಂಜಿನು ಬೀಗದ ಕೈ ತಿರುಗಿಸಿದರೆ ನಿಲ್ಲುತ್ತದೆ. ಇಂಥ ಹಳೆಯ ಬಗೆಯ ಡೀಸೆಲ್ ಇಂಜಿನಿಗೆ ಕಿಡಿಯೇ ಇಲ್ಲವಾದ್ದರಿಂದ, ಎಣ್ಣೆಯನ್ನು ಕಡಿದರೆ ಮಾತ್ರ ನಿಲ್ಲುತ್ತದೆ. ಅದಕ್ಕೆ ಎಳೆಯುವ ಗುಂಡಿಯನ್ನು ಚಾಲಕನ ಕೈಗೆ ನಿಲುಕುವಂತೆ ಇಟ್ಟು, ಅದರ ತಂತಿ ಬಿಗಿಯಾಗಿದೆಯೇ ಎಂದು ಆಗಾಗ ನೋಡಬೇಕು.

ವಿದ್ಯುತ್ತಿನ ವಿಷಯ. ಯುದ್ಧಕಾಲದ ಜೀಪು 6 ವೋಲ್ಟಿನದು. ಇಪ್ಪತ್ತು ಪಟ್ಟು ಒತ್ತಡದ ಇಂಜಿನನ್ನು ಚಳಿಗಾಲದ ಬೆಳಗಿನಲ್ಲಿ ತಿರುಗಿಸಲು ಅದು ಸಾಲದು. 12 ವೋಲ್ಟಿನ ದೊಡ್ಡ ಬ್ಯಾಟರಿ, ದಪ್ಪ ತಂತಿ, ಗಟ್ಟಿ ಸ್ಟಾರ್ಟರು ಬೇಕು. ಹಾಗೆ ಮಾಡಿದಾಗ ಹಳೆಯ ದೀಪಗಳನ್ನೂ ಬದಲಾಯಿಸಬೇಕು. ಪೆಟ್ರೋಲ್ ಇಂಜಿನು ಉಸಿರೆಳೆಯುವಾಗ ಆಗುವ ನಿರ್ವಾತದಿಂದಲೇ ಕೆಲವು ಹಳೆಯ ಜೀಪುಗಳಲ್ಲಿ ಗಾಜು ಒರೆಸುವ ಕಡ್ಡಿ ಆಡುತ್ತಿತ್ತು. ಡೀಸೆಲ್ ಇಂಜಿನಿಗೆ ಸಾಮಾನ್ಯವಾಗಿ ಉಸಿರು ತಡೆಯುವ ಕವಾಟವಿಲ್ಲ, ಆದ್ದರಿಂದ ಆ ನಿರ್ವಾತವೂ ಇಲ್ಲ. ಕಡ್ಡಿಗೆ ವಿದ್ಯುತ್ ಮೋಟಾರು ಬೇಕು. ಬ್ರೇಕಿಗೆ ನಿರ್ವಾತದ ನೆರವು ಬೇಕಾದರೆ ಅದಕ್ಕೇ ಬೇರೆ ಪಂಪು ಬೇಕು.

ಬ್ರೇಕಿನ ಮಾತು ಬಂದಿತು. ಇದು ಈ ಲೇಖನದ ಅತಿ ಮುಖ್ಯವಾದ ಮಾತು. ಹಳೆಯ ಜೀಪಿನ ನಾಲ್ಕು ಗಾಲಿಗಳಲ್ಲಿ ಇದ್ದದ್ದು ಸಣ್ಣ ಡ್ರಮ್ ಬ್ರೇಕುಗಳು. ಯುದ್ಧಕಾಲದ ಮಾದರಿಯಲ್ಲಿ 9 ಅಂಗುಲದವು. ಅವು ಸುಮಾರು ಒಂದು ಟನ್ನಿನ ಗಾಡಿಯನ್ನು ನಿಲ್ಲಿಸಲು ಮಾಡಿದವು. ಅದಕ್ಕೆ ನಾವು ಭಾರಿ ಇಂಜಿನು ಹಾಕುತ್ತೇವೆ, ಹಿಂದೆ ಮೂಟೆ ಹೇರುತ್ತೇವೆ, ಮೂಟೆಯ ಮೇಲೆ ಜನರನ್ನು ಕೂರಿಸುತ್ತೇವೆ. ಏರುವ ಶಕ್ತಿ ಬಂದಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಏರಿದ್ದನ್ನು ಇಳಿಯಲೂ ಬೇಕೆಂಬುದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಮಳೆಗಾಲದ ತೋಟದ ಇಳಿಜಾರಿನಲ್ಲಿ ನೆನೆದ ಡ್ರಮ್ಮು ಹಿಡಿಯದಿದ್ದರೆ ಕಳೆದುಕೊಳ್ಳುವುದು ಗಾಡಿಯನ್ನಷ್ಟೇ ಅಲ್ಲ. ಇಂಜಿನಿಗೆ ಎಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲನ್ನು ಬ್ರೇಕಿಗೆ ಖರ್ಚು ಮಾಡಿ. ಅಗಲವಾದ ಡ್ರಮ್ಮುಗಳು, ಹೊಸ ಸಿಲಿಂಡರು, ಹೊಸ ಕೊಳವೆ, ಮುಂದೆ ಹಿಂದೆ ಎರಡು ಬೇರೆ ದಾರಿಯ ಮಾಸ್ಟರ್ ಸಿಲಿಂಡರು, ಬಲವಾದ ಮುಂದಿನ ಸ್ಪ್ರಿಂಗು ಇವೆಲ್ಲ ಆದ ಮೇಲೆ ಇಂಜಿನು. ಹಣ ಇದಕ್ಕೆ ಸಾಲದಿದ್ದರೆ ಇಂಜಿನಿನ ಯೋಚನೆಯನ್ನೇ ಮುಂದೂಡುವುದು ಒಳ್ಳೆಯದು.

ಈಗ ಕಾನೂನಿನ ಕಡೆಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಒಡೆಯನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಂದು ತೀರ್ಪಿನಲ್ಲಿ ಈ ಮಾತನ್ನು ಎತ್ತಿಹಿಡಿಯಿತು. ಬೇರೆ ಇಂಧನದಿಂದ ಓಡುವಂತೆ ಮಾಡುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ, ಆದರೆ ನಿಯಮಗಳಲ್ಲಿ ಹೇಳಿರುವ ಷರತ್ತುಗಳಿಗೆ ಒಳಪಟ್ಟು ಮಾತ್ರ. ಅದೇ ವರ್ಷ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಆದ್ದರಿಂದ ಇಂಜಿನನ್ನು ಕೊಳ್ಳುವ ಮುನ್ನವೇ, ನಿಮ್ಮ ಗಾಡಿ ನೋಂದಣಿಯಾಗಿರುವ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯಿರಿ. “ಆಮೇಲೆ ಸರಿಮಾಡಿಸಿಕೊಳ್ಳೋಣ” ಎಂಬ ಮಾತನ್ನು ನಂಬಬೇಡಿ.

ದಂಡಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೋಂದಣಿ ಪತ್ರದಲ್ಲಿ ಪೆಟ್ರೋಲ್ ಎಂದೂ ಹಳೆಯ ಇಂಜಿನಿನ ಸಂಖ್ಯೆಯೂ ಇದ್ದು, ಗಾಡಿಯಲ್ಲಿ ಬೇರೆಯೇ ಇಂಜಿನು ಇದ್ದರೆ, ಅಪಘಾತದ ದಿನ ವಿಮೆಯ ಕಂಪೆನಿ ಹಣ ಕೊಡಲು ತಕರಾರು ಮಾಡಬಹುದು. ಆ ಹೊರೆ ಪೂರ್ತಿ ಮನೆಯ ಮೇಲೆ ಬೀಳುತ್ತದೆ. ಕಳಚಿದ ಇಂಜಿನನ್ನು ಕೊಳ್ಳುವಾಗ ಅದು ಯಾವ ಗಾಡಿಯದು ಎಂಬುದಕ್ಕೆ ರಸೀತಿ, ದಾಖಲೆ ಕೇಳಿ. ಅದರ ಸಂಖ್ಯೆಯನ್ನು ಅಳಿಸಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಮತ್ತೊಂದು ಹೊಸ ಸಂಗತಿಯನ್ನೂ ನೀವು ಅರಿತಿರಬೇಕು. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿತು. ಚಾಸಿ, ಮೈಕಟ್ಟು, ಇಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಇಂಥ ಗಾಡಿಯನ್ನು ದಿನನಿತ್ಯದ ದುಡಿಮೆಗೆ ಬಳಸುವಂತಿಲ್ಲ. ಪ್ರದರ್ಶನ ಮೊದಲಾದುವಕ್ಕೆ ಒಯ್ಯಬಹುದು. ನಿಮ್ಮ ಕೊಟ್ಟಿಗೆಯಲ್ಲಿರುವ ಪೆಟ್ರೋಲ್ ಜೀಪು ಹುಟ್ಟಿದ ಇಂಜಿನಿನೊಡನೆಯೇ ಉಳಿದಿದ್ದರೆ ಅದು ಈಗ ಅಪರೂಪದ ಆಸ್ತಿ. ಅದನ್ನು ಕತ್ತರಿಸಿ ಬೆಸೆದ ಮೇಲೆ ಆ ಬಾಗಿಲು ಮುಚ್ಚಿಹೋಗುತ್ತದೆ. ಹಾಗೂ ಬದಲಾಯಿಸಲೇಬೇಕಾದರೆ, ಚಾಸಿಯನ್ನು ಕತ್ತರಿಸದೆ ಬೋಲ್ಟಿನಿಂದ ಮಾತ್ರ ಜೋಡಿಸಿ, ಹಳೆಯ ಇಂಜಿನಿಗೆ ಎಣ್ಣೆ ಹಚ್ಚಿ ಮುಚ್ಚಿಡಿ, ಗುಜರಿಗೆ ಹಾಕಬೇಡಿ.

ಇನ್ನು ಮನೆಯ ಲೆಕ್ಕ. ಮಾತಿಗೆ, ಪೆಟ್ರೋಲ್ ಜೀಪು ಲೀಟರಿಗೆ 7 ಕಿಲೋಮೀಟರು, ಡೀಸೆಲಾದ ಮೇಲೆ 11 ಕಿಲೋಮೀಟರು ಎನ್ನಿ. ಪೆಟ್ರೋಲಿಗೆ 100 ರೂಪಾಯಿ, ಡೀಸೆಲಿಗೆ 90 ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ 6000 ಕಿಲೋಮೀಟರು ಓಡಿಸಿದರೆ ಪೆಟ್ರೋಲಿಗೆ ಸುಮಾರು 85,700 ರೂಪಾಯಿ, ಡೀಸೆಲಿಗೆ ಸುಮಾರು 49,100, ಉಳಿತಾಯ 36,600. ಇಂಜಿನು, ಬ್ರೇಕು, ಕೂಲಿ ಎಲ್ಲ ಸೇರಿ 2 ಲಕ್ಷ ಖರ್ಚಾಗಿದ್ದರೆ ಐದೂವರೆ ವರ್ಷದಲ್ಲಿ ಅದು ತೀರುತ್ತದೆ. ವರ್ಷಕ್ಕೆ 1500 ಕಿಲೋಮೀಟರು ಮಾತ್ರ ಓಡಿಸುವವರಿಗೆ ಅದೇ 2 ಲಕ್ಷ ತೀರಲು ಸುಮಾರು 22 ವರ್ಷ ಬೇಕು. ನಿಮ್ಮ ಊರಿನ ಬಂಕಿನ ಬೆಲೆ, ನಿಮ್ಮ ಓಡಾಟದ ದೂರ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಹಿಂದೆ ಡೀಸೆಲಿನ ಬೆಲೆಯನ್ನು ಸರ್ಕಾರವೇ ತಗ್ಗಿಸಿ ಇಟ್ಟಿದ್ದಾಗ ಈ ಲೆಕ್ಕ ಬೇಗ ತೀರುತ್ತಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಹೋದ ಮೇಲೆ ಎರಡರ ಬೆಲೆಯ ಅಂತರ ಕಿರಿದಾಯಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹಿರಿಯರು ಡೀಸೆಲಿಗೆ ಬದಲಾಯಿಸಿ ಲಾಭ ಕಂಡರೆಂದರೆ, ನಮಗೂ ಅಷ್ಟೇ ಲಾಭವಾಗಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ಯಾರು ಬದಲಾಯಿಸಬೇಕು, ಯಾರು ಬದಲಾಯಿಸಬಾರದು? ವರ್ಷವಿಡೀ ಏರು ತಗ್ಗಿನಲ್ಲಿ ಹೇರು ಹೊರುವ ಗಾಡಿಯಾಗಿದ್ದು, ಹಳೆಯ ಇಂಜಿನು ರಿಪೇರಿಗೆ ಮೀರಿ ಕೆಟ್ಟಿದ್ದು, ಸಾರಿಗೆ ಕಚೇರಿಯ ಅನುಮತಿ ದೊರೆತರೆ ಬದಲಾಯಿಸುವುದಕ್ಕೆ ಅರ್ಥವುಂಟು. ಅದೂ ಜೀಪಿನ ಕುಲದ್ದೇ ಆದ, ಮಿತವಾದ ಬಲದ ಇಂಜಿನನ್ನು. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೊಮ್ಮೆ ಪೇಟೆಗೆ ಹೋಗುವ ಗಾಡಿಯಾದರೆ, ಹಳೆಯ ಇಂಜಿನಿನ ಸಿಲಿಂಡರುಗಳನ್ನು ಕೊರೆಸಿ, ಹೊಸ ಪಿಸ್ಟನ್ನು ಹಾಕಿಸಿ, ಕಾರ್ಬ್ಯುರೇಟರನ್ನು ಸರಿಪಡಿಸುವುದು ಅಗ್ಗ. ಲಕ್ಷಗಟ್ಟಲೆ ತಯಾರಾದ ಇಂಜಿನಾದ್ದರಿಂದ ಅದರ ಬಿಡಿಭಾಗಗಳನ್ನು ಹುಡುಕಿ ತರುವುದು ಅಸಾಧ್ಯವಲ್ಲ. ದಿನವೂ ದುಡಿಯುವ ಡೀಸೆಲ್ ಗಾಡಿಯೇ ಬೇಕೆನ್ನುವವರು, ಕಾರ್ಖಾನೆಯಿಂದಲೇ ಡೀಸೆಲ್ಲಾಗಿ ಹೊರಬಂದ ಒಂದು ಜೀಪನ್ನು ಕೊಂಡು, ತಂದೆಯ ಜೀಪನ್ನು ಹಾಗೆಯೇ ಉಳಿಸಿಕೊಳ್ಳುವುದು ಎಷ್ಟೋ ಸಲ ಜಾಣತನ.

ಬದಲಾಯಿಸುವುದೇ ನಿಶ್ಚಯವಾದರೆ ಮೆಕ್ಯಾನಿಕ್ಕನಿಗೆ ಮುಂಗಡ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಹೊಸ ಇಂಜಿನಿನ ತಿರುಚುವ ಬಲ ಎಷ್ಟು, ನನ್ನ ಗೇರುಪೆಟ್ಟಿಗೆ ಎಷ್ಟನ್ನು ತಾಳುತ್ತದೆ? ನಡುಗೆರೆಯನ್ನು ಯಾವುದರಿಂದ ಅಳೆಯುವೆ? ಬ್ರೇಕಿಗೆ ಏನು ಮಾಡುವೆ? ಮುಂದಿನ ಆಕ್ಸಲ್ಲು ಪೂರ್ತಿ ಮೇಲೆದ್ದಾಗ ಎಷ್ಟು ಅಂತರ ಉಳಿಯುತ್ತದೆ? ಇದೇ ಬಗೆಯ ಗಾಡಿಯನ್ನು ನೀನು ಹಿಂದೆ ಮಾಡಿದ್ದರೆ, ಎರಡು ಮಳೆಗಾಲ ಕಳೆದ ಮೇಲೆ ಅದು ಹೇಗಿದೆ, ತೋರಿಸುವೆಯಾ? ಒಳ್ಳೆಯ ಕಸಬುದಾರನಿಗೆ ಈ ಪ್ರಶ್ನೆಗಳಿಂದ ಕೋಪ ಬರುವುದಿಲ್ಲ. ಕೇಳುವವರು ಸಿಕ್ಕರೆಂದು ಅವನಿಗೆ ಸಂತೋಷವೇ ಆಗುತ್ತದೆ.

ಕೆಲಸ ಮುಗಿದ ಮೇಲೆ ಮೊದಲ ದಿನವೇ ಘಾಟಿಗೆ ಒಯ್ಯಬೇಡಿ. ಮೊದಲ ಐನೂರು ಕಿಲೋಮೀಟರು ಬಯಲಿನಲ್ಲಿ, ಖಾಲಿ ಗಾಡಿಯಾಗಿ ಓಡಿಸಿ. ಪ್ರತಿ ನೂರು ಕಿಲೋಮೀಟರಿಗೆ ನಿಲ್ಲಿಸಿ ಬೋಲ್ಟುಗಳನ್ನು ಬಿಗಿಮಾಡಿ, ಎಣ್ಣೆ ಸೋರುತ್ತದೆಯೇ ನೋಡಿ, ಕೈಗೆ ತಾಗುವಂತೆ ಗುಂಡುಗಳ ಬಿಸಿಯನ್ನು ಪರೀಕ್ಷಿಸಿ. ಇಳಿಜಾರಿನಲ್ಲಿ ಏರಲು ಬೇಕಾದ ಗೇರಿನಲ್ಲಿಯೇ ಇಳಿಯಿರಿ, ಎಣ್ಣೆ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಡಬೇಡಿ. ಗಾಡಿಯನ್ನು ಓಡಿಸುವವರು ನಿಮ್ಮ ಮಗನೋ ಆಳೋ ಆಗಿದ್ದರೆ, ಕೀಲಿಕೈ ಕೊಡುವ ಮುನ್ನ ಇಂಜಿನನ್ನು ನಿಲ್ಲಿಸುವ ಗುಂಡಿಯನ್ನು ಅವರ ಕೈಯಿಂದಲೇ ಒಮ್ಮೆ ಎಳೆಸಿ ನೋಡಿ.